ಕೊರಳಲ್ಲೇ ಉಳಿದ ಗಡಿಯಾರ

ಮೊನ್ನೆ ಮೊಬೈಲಿನಲ್ಲಿ ನೀವು ತೋರಿಸಿದ ಮಾರಾಟಕ್ಕಿದ್ದ, ಸರಕ್ಕೆ ಪದಕದಂತೆ ತೂಗುವ ಗಡಿಯಾರ ನೋಡಿ ನನ್ನ ಕೊರಳು ತಣ್ಣಗಾಯಿತು, ಮಕ್ಕಳೇ.

ನನ್ನನ್ನು ಕಡೂರಿನ ಹೈಸ್ಕೂಲಿಗೆ ಸೇರಿಸಲೆಂದೇ ಅಪ್ಪ ಅಜ್ಜಿಯ ಅಂಥದೇ ಗಡಿಯಾರ ಮಾರಲು ಹೊರಟಿದ್ದ. ಅದಕ್ಕೆ ನೀಲಿ ಬಣ್ಣದ ಮೀನಾಕಾರಿ ಕುಸುರಿಯ ಬೆನ್ನು, ಅಂಚಿಗೆ ವಜ್ರದ ಹರಳುಗಳಿದ್ದವು. ಕೊಳ್ಳಲು ತರೀಕೆರೆಯ ಸಾಹುಕಾರರ ಹೆಂಡತಿ ಬಂದರು.

"ಒಡವೆ ಕೊರಳಲ್ಲಿದ್ರೇನೇ ಚೆಂದ ಕಣ್ರೀ," ಎಂದು ಅಜ್ಜಿ ಅದನ್ನು ನನಗೇ ಹಾಕಿ ನಿಲ್ಲಿಸಿದಳು.

ಸಾಹುಕಾರರ ಹೆಂಡತಿ ಗಡಿಯಾರವನ್ನು ತಿರುಗಿಸಿ ನೋಡಿದರು. ಆಮೇಲೆ ನನ್ನ ಗದ್ದ ಎತ್ತಿ ನೋಡಿದರು.

"ಮಾರೋದ್ಯಾಕ್ರೀ? ಹುಡುಗಿ ಜೊತೇಲೇ ನಮ್ಮನೆಗೆ ಬರ್ಲಿ ಬಿಡಿ. ನಮ್ಮ ಹುಡ್ಗನೂ ಮದ್ವೆಗಿದಾನೆ."

ಎಲ್ಲರೂ ನಕ್ಕರು. ಅಪ್ಪ ನನ್ನ ಕಡೆ ನೋಡದೆ ತಲೆಯಾಡಿಸಿದ.

ಸರದ ಕೊಂಡಿ ಬಿಚ್ಚಲು ನಾನು ಕತ್ತಿನ ಹಿಂದೆ ಕೈ ಹಾಕಿದೆ. ಅಜ್ಜಿ ನನ್ನ ಕೈ ಹಿಡಿದಳು.

"ಇರ್ಲಿ ಕಣೇ, ಇನ್ನು ಅದು ನಿಂದೇ ಆಯ್ತಲ್ಲ."