ಬಾಡಿಗೆಯ ಮಗು

“ಮಗು ಬೆಳೀತಾ ಇದೆ,” ಎಂದ ಗ್ರಿಮ್‌ವೇಡ್, ಕಳ್ಳನನ್ನು ಕೈಯಾರೆ ಹಿಡಿದವನ ದನಿಯಲ್ಲಿ.

ಲೀಡ್ಸ್ ನಾಟಕಶಾಲೆಯ ಬಣ್ಣದ ಕೋಣೆ. ಡೋರ್ಕಸ್ ತಲೆಯೆತ್ತಲಿಲ್ಲ, ನೆಲದ ಮೇಲೆ ಕೂತು ಮಗುವಿನ ಬೂಟಿನ ದಾರ ಕಟ್ಟುತ್ತಿದ್ದಳು. ಅವಳ ಎತ್ತರ ಮೂವತ್ತೆರಡು ಇಂಚು. ಒಂಬತ್ತು ತಿಂಗಳ ಮಗು ಮಡಿಲಲ್ಲಿ ಕೂತರೆ ಅದರ ನೆತ್ತಿ ಅವಳ ಗಲ್ಲಕ್ಕೆ ತಾಗುತ್ತಿತ್ತು.

“ಮಕ್ಕಳ ಕೆಲ್ಸಾನೇ ಅದಲ್ವಾ ಯಜಮಾನ್ರೇ?” ಎಂದ ಅವಳ ಗಂಡ ಈನಾಕ್.

“ನೀನು ಮಾಡ್ಲಿಲ್ವಲ್ಲೋ! ಅದಕ್ಕೇ ನಿಂಗೆ ಇಷ್ಟು ಹೆಸರು.” ಗ್ರಿಮ್‌ವೇಡ್ ತನ್ನ ಮಾತಿಗೆ ತಾನೇ ನಕ್ಕ.

ಹೆಸರಿಗೇನೂ ಕೊರತೆಯಿರಲಿಲ್ಲ. ಈನಾಕ್ ಥರ್ಲ್‌ಬಿ ಎಂದರೆ ಯಾರಿಗೂ ಗೊತ್ತಿಲ್ಲ. ವೇದಿಕೆಯ ಹೆಸರು ಅಡ್ಮಿರಲ್ ಕ್ರಂಬ್ ಎಂದರೆ ಇಂಗ್ಲೆಂಡಿನ ಕೂಸುಗಳಿಗೂ ಗೊತ್ತು. ಹ್ಯಾಲಿಫ್ಯಾಕ್ಸಿನಲ್ಲಿ ಬೂಟು ಹೊಲಿಯುತ್ತಿದ್ದವನೊಬ್ಬನ ಮನೆಯಿಂದ ಐದು ವರ್ಷದ ಈನಾಕ್‌ನನ್ನು ಎತ್ತಿಕೊಂಡು ಬಂದವನು ಈ ಕುಳ್ಳರ ಆಟದ ಕಂಪನಿಯ ಯಜಮಾನ ಗ್ರಿಮ್‌ವೇಡ್. ಇನ್ನಷ್ಟು ಕುಳ್ಳಗೆ ಕಾಣಲೆಂದು ಭಿತ್ತಿಪತ್ರದಲ್ಲಿ ಹನ್ನೆರಡು ವರ್ಷ ಎಂದು ಅಚ್ಚು ಹಾಕಿಸಿದ. ವೈನು ಕುಡಿಯಲು, ಚುಟ್ಟಾ ಸೇದಲು, ದೊಡ್ಡ ಮನೆತನದ ಹೆಂಗಸರ ಕೈಗೆ ಮುತ್ತಿಡಲು ಕಲಿಸಿದ. ಅಮ್ಮ ಬೇಕು ಎಂದು ಅತ್ತ ದಿನ ವೇಷದ ಪೆಟ್ಟಿಗೆಯಲ್ಲಿ ಕೂಡಿಹಾಕಿದ. ಇದನ್ನೆಲ್ಲ ಅವನು ವಿದ್ಯಾಭ್ಯಾಸ ಎಂದು ಕರೆಯುತ್ತಿದ್ದ.

ಈನಾಕ್ ಮದುವೆಯಾದಾಗ ಗ್ರಿಮ್‌ವೇಡ್ ಕರಾರಿಗೆ ಒಂದು ಸಾಲು ಸೇರಿಸಿದ. ಈ ದಂಪತಿಗೆ ಹುಟ್ಟುವ ಮಕ್ಕಳು ಇಪ್ಪತ್ತೊಂದು ತುಂಬುವವರೆಗೆ ಕಂಪನಿಯ ಪ್ರದರ್ಶನಕ್ಕೆ ಸೇರಿದವರು. ಆರು ವರ್ಷವಾದರೂ ಆ ಸಾಲಿಗೆ ಕೆಲಸ ಬರಲಿಲ್ಲ. ಗ್ರಿಮ್‌ವೇಡನ ಬಾಳಿನ ದೊಡ್ಡ ನಿರಾಸೆ ಅದೇ.

ಹಿಂದಿನ ವರ್ಷ ಹೊಸ ಆಟಗಾರರನ್ನು ಹುಡುಕಿಕೊಂಡು ಅವನು ಅಮೆರಿಕಕ್ಕೆ ಹೋದ. ಎಂಟು ತಿಂಗಳ ಮೇಲೆ ಹಿಂದಿರುಗಿದಾಗ ನಾಟಕಶಾಲೆ ಅರ್ಧ ಖಾಲಿ. ಡೋರ್ಕಸ್ ಕೆಮ್ಮಿಗೆ ಕಡಲಗಾಳಿ ಒಳ್ಳೆಯದೆಂದು ವಿಟ್ಬಿಗೆ ಹೋಗಿದ್ದಳು, ಬಿಳಿಚಿಕೊಂಡು ಬಂದಳು. ಜನಕ್ಕೆ ಹೊಸದೇನಾದರೂ ಬೇಕಿತ್ತು. ಅಡ್ಮಿರಲ್‌ಗೊಬ್ಬ ವಾರಸುದಾರ ಎಂದು ಗ್ರಿಮ್‌ವೇಡ್ ತೀರ್ಮಾನಿಸಿದ.

ಅನಾಥಾಲಯದಿಂದ ತಂದ ಮೊದಲ ಎರಡು ಕೂಸುಗಳು ವೇದಿಕೆಯ ಮೇಲೆ ಕಿರುಚಿ ಮಾನ ಕಳೆದವು. ಆಗ ಬಂದವಳು ಶ್ರೀಮತಿ ರಡ್ ಎಂಬ ವಿಧವೆ, ಕಂಕುಳಲ್ಲಿ ಗಂಡುಮಗು. ಡೋರ್ಕಸ್ ಎತ್ತಿಕೊಂಡಳು, ಮಗು ಅವಳ ಕತ್ತಿಗೆ ಮುಖವೊತ್ತಿ ನಿದ್ದೆ ಹೋಯಿತು. ಗ್ರಿಮ್‌ವೇಡ್ ಅಲ್ಲೇ ಬಾಡಿಗೆ ಮಾತಾಡಿ ಮುಗಿಸಿದ. ಅವನು ಎತ್ತಿಕೊಂಡರೆ ಮಾತ್ರ ಅದು ರಂಪ ಮಾಡುತ್ತಿತ್ತು.

ಈಗ ಅದು ಬೆಳೆಯುತ್ತಿದೆ.

“ಇದನ್ನ ಸಾಯಿಸ್ಬೇಕು,” ಎಂದ ಗ್ರಿಮ್‌ವೇಡ್.

ಡೋರ್ಕಸಳ ಕೈ ದಾರದ ಮೇಲೆಯೇ ನಿಂತಿತು.

“ಪೇಪರಲ್ಲಿ ಕಣಮ್ಮಾ, ಪೇಪರಲ್ಲಿ! ಗಂಟಲುಬೇನೆ, ಎರಡೇ ದಿನ, ದೇವರ ಚಿತ್ತ. ನೀನು ಕರಿಬಟ್ಟೆ ಹಾಕ್ಕೊಂಡು ನಿಂತ್ರೆ ಸಾಕು, ಮೂರು ವಾರ ಕಾಲಿಡೋಕೆ ಜಾಗ ಇರಲ್ಲ.”

ಈನಾಕ್ ಮಗುವಿನ ಇನ್ನೊಂದು ಬೂಟನ್ನು ಡೋರ್ಕಸಳ ಕೈಗಿತ್ತ. ಆಮೇಲೆ ಕೇಳಿದ: “ಸತ್ತ ಮಗು ಬೀದೀಲಿ ಆಡ್ತಾ ಸಿಕ್ರೆ?”

“ರಡ್ ಎಲ್ಲಾದ್ರೂ ದೂರ ಕರ್ಕೊಂಡು ಹೋಗ್ಲಿ.”

“ನಾಳೆ ಅವಳೇ ಬಂದು, ನನ್ನ ಮಗ ನಿಮ್ ಕಂಪನಿಯವ್ನು, ಸಾಕಿ ಅಂತ ಕೂತ್ರೆ? ಒಂದು ಕಾಗದ ಬರೆದಿಡಿ ಯಜಮಾನ್ರೇ. ಈ ಮಗೂಗೂ ಕಂಪನಿಗೂ ಸಂಬಂಧ ಇಲ್ಲ, ಮುಂದೇನೂ ಇರಲ್ಲ ಅಂತ.”

ಗ್ರಿಮ್‌ವೇಡ್ ಅವನನ್ನು ಮೆಚ್ಚುಗೆಯಿಂದ ನೋಡಿದ. “ಪರವಾಗಿಲ್ಲ ಕಣೋ ಅಡ್ಮಿರಲ್. ನನ್ ಜೊತೆ ಇದ್ದು ಸ್ವಲ್ಪ ಬುದ್ಧಿ ಬಂದಿದೆ.” ಬರೆದು, ರುಜು ಹಾಕಿ, ಮೊಹರನ್ನೂ ಒತ್ತಿದ.

ಮರುದಿನ ರೈಲ್ವೆ ನಿಲ್ದಾಣದಲ್ಲಿ ಡೋರ್ಕಸ್ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತು, ರಡ್ ಎತ್ತಿಕೊಂಡಿದ್ದ ಮಗುವಿನ ಟೋಪಿ ಬಿಗಿದಳು.

“ಎಡಗಿವಿ ಬೇಗ ಸೋರುತ್ತೆ. ಗಾಳಿಗೆ ಬಿಡ್ಬೇಡಿ.”

“ಗೊತ್ತು ಕಣಮ್ಮ,” ಎಂದಳು ರಡ್, ಬಲು ಮೆಲ್ಲಗೆ.

“ನೋಡೋಕೆ ಇಲ್ಲಿ ಯಾರೂ ಇಲ್ಲ. ಸಾಕು ನಿಲ್ಸು!” ಎಂದ ಗ್ರಿಮ್‌ವೇಡ್. ವೇದಿಕೆ ಇಳಿದ ಮೇಲೂ ನಟಿಸುವವರನ್ನು ಕಂಡರೆ ಅವನಿಗೆ ಬೇಸರ.

ಮೂರು ವಾರವಲ್ಲ, ಐದು ವಾರ ಜನ ಕಿಕ್ಕಿರಿದರು. ಬ್ರಾಡ್‌ಫರ್ಡಿನಲ್ಲಿ ಒಬ್ಬ ಹೆಂಗಸು ಮೂರ್ಛೆ ಹೋದಳು. ಕಪ್ಪು ಅಂಚಿನ ಭಾವಚಿತ್ರಗಳು ಎರಡು ಸಲ ಅಚ್ಚಾದವು. ಏಪ್ರಿಲ್‌ನಲ್ಲಿ ಕರಾರಿನ ಅವಧಿ ಮುಗಿಯಿತು. ಇನ್ನು ಕುಣಿಯಲಾರೆವು ಎಂದರು ದಂಪತಿ. ಗ್ರಿಮ್‌ವೇಡ್ ಬೈದ, ಬೇಡಿದ. ಆದರೆ ಮಗು ಕಳೆದುಕೊಂಡವರನ್ನು ಇನ್ನೂ ಕುಣಿಸುವುದೇ ಎಂದು ಪತ್ರಿಕೆಗಳು ಛೀಮಾರಿ ಹಾಕತೊಡಗಿದ್ದವು. ತಾನೇ ಕಟ್ಟಿದ ಕಥೆ, ಇಲ್ಲವೆನ್ನುವಂತಿಲ್ಲ. ಕೈಕುಲುಕಿ ಬೀಳ್ಕೊಟ್ಟ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳುವುದನ್ನೂ ಮರೆತ.

ಸಂತಾಪದ ಕಾಗದಗಳು ಮಾತ್ರ ಬರುತ್ತಲೇ ಇದ್ದವು. ಬೆಳಗಿನ ಚಹಾದ ಜೊತೆ ಅವುಗಳನ್ನು ಓದಿ ನಗುವುದು ಗ್ರಿಮ್‌ವೇಡನಿಗೆ ರೂಢಿಯಾಯಿತು. ಇಡೀ ದೇಶವೇ ಬಾಡಿಗೆಯ ಕೂಸಿಗಾಗಿ ಅತ್ತಿದೆಯಲ್ಲ! ಮೇ ತಿಂಗಳ ಒಂದು ಬೆಳಿಗ್ಗೆ ವಿಟ್ಬಿಯ ವೈದ್ಯನೊಬ್ಬನ ಕಾಗದ ಬಂತು. ನಡುಗುವ ಮುದಿ ಕೈಬರಹ. ಗ್ರಿಮ್‌ವೇಡ್ ನಗುತ್ತಲೇ ಒಡೆದ.

“ಮಾನ್ಯರೇ, ಸುದ್ದಿ ನನಗೆ ತಡವಾಗಿ ತಿಳಿಯಿತು. ಶ್ರೀಮತಿ ಥರ್ಲ್‌ಬಿಯವರಿಗೆ ನನ್ನ ದುಃಖವನ್ನು ತಿಳಿಸಿ. ಅಂಥ ಪುಟ್ಟ ಮೈಯಲ್ಲಿ ಹತ್ತೊಂಬತ್ತು ಗಂಟೆ ನೋವುಂಡು ಅವರು ಆ ಮಗನನ್ನು ಹೆತ್ತಾಗ, ಹೊಕ್ಕುಳಬಳ್ಳಿ ಕತ್ತರಿಸಿದವನು ನಾನೇ.”