ಟೆಸ್ಸಾಳ ಮೊಣಕಾಲು

"ಮೊಣಕಾಲಿಗೆ ಇದೇನ್ರೀ ಸುತ್ತಿದೀರ? ಟೆಸ್ಸಾಗೆ ಗಾಯ ಆಗಲ್ಲ ಮೆಹ್ವಿಶ್. ಬಟ್ಟೆ ಹರಿಯುತ್ತೆ, ಅಷ್ಟೇ," ಎಂದ ಮೇಲ್ವಿಚಾರಕ ಶ್ರೀನಿವಾಸ್, ಅವಳ ಮಾನಿಟರಿನ ಮೇಲೆ ಬಗ್ಗಿ.

ಇಂದಿರಾನಗರದ ಆ ಸ್ಟುಡಿಯೊದಲ್ಲಿ ಟೆಸ್ಸಾಳನ್ನು ಬಿಡಿಸುವುದಕ್ಕೆ ಫಾರಿನ್ ಪಬ್ಲಿಷರ್ ಕಳಿಸಿದ ಒಂದು ಚಾರ್ಟ್ ಇತ್ತು. ಗುಹೆ ಹೊಕ್ಕು, ಬಂಡೆ ಹತ್ತಿ, ನಿಧಿ ತರುವ ಸಾಹಸಿ ಅವಳು. ವೀಡಿಯೊ ಗೇಮಿನಿಂದ ಇಳಿದು ಕಾಮಿಕ್ಸಿಗೆ ಬಂದವಳು. ಸೊಂಟ ಎಷ್ಟು ಸಣ್ಣಗಿರಬೇಕು, ಯಾವ ಪುಟದಲ್ಲಿ ತೋಳು ಹರಿಯಬೇಕು, ಯಾವ ಪುಟದಲ್ಲಿ ಬೆನ್ನು, ಎಲ್ಲವೂ ಚಾರ್ಟಿನಲ್ಲಿತ್ತು. ಗಾಯ ಮಾತ್ರ ಅದರಲ್ಲಿರಲಿಲ್ಲ. ಮೆಹ್ವಿಶ್ ಈ ಸಲದ ಮುಖಪುಟಕ್ಕೆ ಬಿಡಿಸಿದ್ದ ಟೆಸ್ಸಾ ಬಂಡೆಯ ಮೇಲೆ ಕೂತು, ಹಲ್ಲು ಕಚ್ಚಿಕೊಂಡು, ರಕ್ತ ಜಿನುಗುವ ಮೊಣಕಾಲಿಗೆ ಹರಕು ಬಟ್ಟೆ ಬಿಗಿಯುತ್ತಿದ್ದಳು. ಸೊಂಟ ಎಲ್ಲರ ಸೊಂಟದಷ್ಟೇ ಇತ್ತು.

"ಸರ್, ಅಷ್ಟೆತ್ತರದಿಂದ ಬಿದ್ದವಳು. ಓದಿದವ್ರು ಬೈದು ಬರೆದಿದ್ದನ್ನ ನೀವೇ ತಾನೆ ನಂಗೆ ಕಳಿಸಿದ್ದು? ಬಂಡೆಯಿಂದ ಉರುಳಿದ್ರೂ ಲಿಪ್‌ಸ್ಟಿಕ್ ಅಳಿಸಲ್ಲ, ಇವಳು ಗಂಡಸರು ತಮಗೋಸ್ಕರ ಮಾಡ್ಕೊಂಡಿರೋ ಹೆಂಗಸು ಅಂತ."

"ಕಳಿಸಿದೆ. ಅದಕ್ಕೇ ಪಬ್ಲಿಷರ್ ಒಂದು ದಾರಿ ಹುಡುಕಿದಾರೆ." ಶ್ರೀನಿವಾಸ್ ನಕ್ಕ. "ಈ ಸಲ ನಿಮ್ಮ ಹೆಸರು ಹಾಕ್ತೀವಿ. ಒಳಗೆಲ್ಲೋ ಇರುವೆಯಂಥ ಅಕ್ಷರದಲ್ಲಲ್ಲ ರೀ, ಮುಖಪುಟದಲ್ಲಿ, ದಪ್ಪಕ್ಷರದಲ್ಲಿ. ಹೆಂಗಸೇ ಬಿಡಿಸಿದಾಳೆ ಅಂದ್ಮೇಲೆ ಇನ್ಯಾರು ಬಾಯಿ ಬಿಡ್ತಾರೆ?"

ಪಕ್ಕದ ಟೇಬಲ್ಲಿನಲ್ಲಿ ಅಕ್ಷರ ಕೂರಿಸುವ ಕೆಂಪರಾಜ್ ಕುರ್ಚಿ ತಿರುಗಿಸಿದ. "ಮೇಡಂ, ಬಿರಿಯಾನಿ ನಿಮ್ದೇ ಇವತ್ತು! ಕಂಡೋರ ಹೆಸರೆಲ್ಲ ಬರೆದೂ ಬರೆದೂ ನನ್ನ ಹೆಸರು ಇಲ್ಲಿ ಟೀ ಕಪ್ಪಿನ ಮೇಲೂ ಬರಲಿಲ್ಲ."

ಮೆಹ್ವಿಶ್‌ಗೆ ನಗು ಬರಲಿಲ್ಲ. ಸೇರಿದಾಗಿನಿಂದ ಪ್ರತಿ ಸಂಚಿಕೆಗೂ ಅವಳು ಕೇಳಿದ್ದು ತನ್ನ ಹೆಸರೊಂದನ್ನೇ. ಅವಳ ಅಬ್ಬಾ ಕಲೀಮುಲ್ಲಾ ಶಿವಾಜಿನಗರದ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಎಂಥ ಬೋರ್ಡಾದರೂ ಕೆಳಗಿನ ಮೂಲೆಯಲ್ಲಿ 'ಕಲೀಮ್ ಆರ್ಟ್ಸ್' ಇರಲೇಬೇಕು. ಒಮ್ಮೆ ಹೋಟೆಲಿನವನೊಬ್ಬ ಅವರು ಬರೆದ ಕೋಳಿಯನ್ನು ಬೇರೆಯವನಿಂದ ದಪ್ಪ ಮಾಡಿಸಿದನೆಂದು, ತಾವೇ ಏಣಿ ಹಾಕಿ ಹತ್ತಿ ತಮ್ಮ ಹೆಸರನ್ನು ಬಳಿದುಹಾಕಿ ಬಂದಿದ್ದರು. ಮುಂದೊಮ್ಮೆ ಅದೇ ಏಣಿಯಿಂದ ಬಿದ್ದು ಮೊಣಕಾಲು ಹೋದ ಮೇಲೆ ಕೆಲಸ ನಿಂತಿತು. ಈಗ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ, "ನಾಮ್ ಆಯಾ ಕ್ಯಾ ಬೇಟಿ? ಹೆಸರು ಬಂತಾ?" ಈ ಮುಖಪುಟವನ್ನು ಅವಳು ಬಿಡಿಸಿದ್ದು ಅವರ ಮುಂದೆ ಕೂತು, ಅವರದೇ ಮೊಣಕಾಲನ್ನು ನೋಡಿಕೊಂಡು. "ನನ್ನ ಕಾಲು ಫಾರಿನ್‌ಗೆ ಹೋಗುತ್ತೆ!" ಎಂದು ಅವರು ಗಲ್ಲಿಯವರಿಗೆಲ್ಲ ಹೇಳಿಯಾಗಿತ್ತು.

"ಹೆಸರು ಹಾಕೋದಾದ್ರೆ ಈ ಚಿತ್ರಕ್ಕೇ ಹಾಕಿ ಸರ್," ಎಂದಳು.

"ನಂಗೂ ಇದೇ ಇಷ್ಟ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಕೊಳ್ಳೋ ಹುಡುಗ್ರು ಅವಳ ನೋವು ನೋಡೋಕೆ ಬರಲ್ಲ ರೀ." ಶ್ರೀನಿವಾಸ್ ದನಿ ತಗ್ಗಿಸಿದ. "ಚಾರ್ಟಿನ ಥರ ತಿದ್ದೋಕೆ ನಿಮ್ಗೆ ಆಗಲ್ಲ ಅಂದ್ರೆ ಮಾರತ್ತಹಳ್ಳಿ ಟೀಮಿಗೆ ಹೋಗುತ್ತೆ. ಅಲ್ಲೂ ಹುಡುಗೀರಿದಾರೆ. ಯಾರ ಹೆಸರಾದ್ರೇನು, ಹೆಣ್ಣಿನ ಹೆಸರಾದ್ರೆ ಆಯ್ತು ಅವ್ರಿಗೆ."

ಅವಳು ಪೆನ್ನು ಎತ್ತಿಕೊಂಡಳು. ಗಾಯ, ಪಟ್ಟಿ ಎರಡೂ ಚಿತ್ರದ ಮೇಲೆ ಹಾಸಿದ ಪಾರದರ್ಶಕ ಹಾಳೆಯಂಥ ಬೇರೆ ಲೇಯರಿನಲ್ಲಿದ್ದವು. ಆ ಲೇಯರಿನ ಪಕ್ಕದ ಪುಟ್ಟ ಕಣ್ಣಿನ ಗುರುತನ್ನು ಒತ್ತಿದಳು. ಕಣ್ಣು ಮುಚ್ಚಿತು, ರಕ್ತ ಹೋಯಿತು. ನುಣುಪಾದ ಮೊಣಕಾಲು ಬಿಡಿಸಿದಳು. ಕಚ್ಚಿದ ಹಲ್ಲು ಅಳಿಸಿ ತುಟಿಗೆ ಚಾರ್ಟಿನ ಕಿರುನಗೆ ಇಟ್ಟಳು. ಸೊಂಟವನ್ನು ಎರಡೂ ಬದಿಯಿಂದ ಒಳಕ್ಕೆ ಎಳೆದಳು. ಭುಜದ ಬಟ್ಟೆಯನ್ನು ಎಲ್ಲಿ ಹರಿಯಬೇಕೋ ಅಲ್ಲಿ ಹರಿದಳು. ಇದಕ್ಕೆ ಯಾರ ಕಾಲನ್ನೂ ನೋಡಿಕೊಳ್ಳಬೇಕಾಗಿರಲಿಲ್ಲ.

ಕೆಂಪರಾಜ್ ಹೆಸರಿಗೆ ಜಾಗ ಹುಡುಕಿದ. ಆಕಾಶದಲ್ಲಿ ಶೀರ್ಷಿಕೆ ಇತ್ತು, ಬಂಡೆಯ ಮೇಲೆ ಕಂಪನಿಯ ಮುದ್ರೆ. "ಇಲ್ಲಿ ಖಾಲಿ ಇದೆಯಲ್ಲ ಮೇಡಂ," ಎಂದು ಆ ಹೊಳೆಯುವ ಮೊಣಕಾಲಿನ ಮೇಲೆ ಅಡ್ಡಲಾಗಿ ಕೂರಿಸಿದ: ಮೆಹ್ವಿಶ್ ಕಲೀಮುಲ್ಲಾ.

ಸಂಜೆ ಮನೆಯಲ್ಲಿ ಅಬ್ಬಾ ಎಂದಿನಂತೆ ಕೇಳಿದರು. ಅವಳು ಹೂಂ ಎಂದು ಮುಖಪುಟ ತೆರೆದ ಫೋನನ್ನು ಕೈಗಿಟ್ಟಳು. ಅವರು ಕನ್ನಡಕವನ್ನು ಲುಂಗಿಯ ಅಂಚಿಗೆ ಒರೆಸಿ ಹಾಕಿಕೊಂಡರು. ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಮಗಳ ಹೆಸರನ್ನೂ ಅದರ ಪಕ್ಕದ ತಮ್ಮ ಹೆಸರನ್ನೂ ಗಾಳಿಯಲ್ಲಿ ಬೆರಳಿನಿಂದ ತಿದ್ದಿದರು, ಬ್ರಷ್ ಹಿಡಿದವರಂತೆ. ಆಮೇಲೆ ಬೆರಳು ನಿಂತಿತು. ಇನ್ನೊಂದು ಕೈ ತಾನಾಗಿಯೇ ತಮ್ಮ ಮೊಣಕಾಲನ್ನು ಸವರಿತು.

"ಅಕ್ಷರ ಚೆನ್ನಾಗಿ ಕೂತಿವೆ ಬೇಟಿ," ಎಂದರು. ಫೋನನ್ನು ವಾಪಸ್ ಕೊಡುತ್ತಾ ಕೇಳಿದರು:

"ಚಿತ್ರ ಯಾರದು?"