ಲೋಟದ ನೆರಳು

ಸಂಜೆಯ ಚಿತ್ರಕಲಾ ತರಗತಿಯಲ್ಲಿ ಹಿರಿಯ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿ ಬರೆದು ತಂದ ಲೋಟದ ಚಿತ್ರ ನೋಡಿ ಮೇಷ್ಟ್ರು ನಕ್ಕರು.

"ಅಮ್ಮಾ, ನೆರಳು ಲೋಟದ ಬುಡಕ್ಕೆ ಅಂಟಿಕೊಂಡಿರಬೇಕು. ಅಲ್ಲಿ ಅಂಚು ಸ್ಪಷ್ಟ, ದೂರ ಹೋದ ಹಾಗೆ ಮಸುಕು. ನೀವು ನಡುವೆ ಸಂದು ಬಿಟ್ಟಿದ್ದೀರಿ. ಯಾರೋ ಲೋಟ ಎತ್ತಿ ಹಿಡಿದ ಹಾಗಿದೆ."

"ಎಷ್ಟು ಸಲ ಅಳಿಸಿದ್ರೂ ಹಾಗೇ ಕಾಣುತ್ತೆ ಸಾರ್. ನನ್ನ ಕಣ್ಣಿಂದೇ ತಪ್ಪು ಅಂದ್ಬಿಡಿ, ನೆಮ್ಮದಿಯಾಗಿ ಮಲಗ್ತೀನಿ."

"ಲೋಟ ತಂದಿದ್ದೀರಾ? ಕೊಡಿ, ನಾನೇ ಬರೆದು ತೋರಿಸ್ತೀನಿ."

ಆಕೆ ಚೀಲದಿಂದ ಸ್ಟೀಲ್ ಲೋಟ ತೆಗೆದು ದೀಪದ ಕೆಳಗೆ ಮೇಜಿನ ಮೇಲಿಟ್ಟಳು. ಮೇಷ್ಟ್ರು ನೋಡಿ ನೋಡಿ ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ಅವರ ಹಾಳೆಯಲ್ಲೂ ಅದೇ ಸಂದು.

"ಇದು... ಯಾರ ಲೋಟಮ್ಮಾ?"

ಆಕೆ ಗೋಡೆಯ ಗಡಿಯಾರ ನೋಡಿದಳು.

"ತೀರಿಕೊಂಡ ನಮ್ಮ ಯಜಮಾನರದು. ಇದು ಅವರ ಕಾಫಿ ಹೊತ್ತು. ಸ್ವಲ್ಪ ತಡೀರಿ ಸಾರ್, ಕುಡಿದು ಕೆಳಗಿಡ್ತಾರೆ."